ಮೇ ಲಾನ್‌ಫಾಂಗ್

ಮೇ ಲಾನ್‌ಫಾಂಗ್ (೨೨ ಅಕ್ಟೋಬರ್ ೧೮೯೪ – ೮ ಆಗಸ್ಟ್ ೧೯೬೧) ಚೀನಾದ ಜಿಂಗ್‌ಜು ರಂಗಪ್ರಕಾರದ ಅತ್ಯಂತ ಪ್ರಸಿದ್ಧ ಕಲಾವಿದರು. ಹೊರದೇಶಗಳಲ್ಲಿ ಪೀಕಿಂಗ್ ಆಪೆರಾ ಅಥವಾ ಬೀಜಿಂಗ್ ಆಪೆರಾ ಎಂಬ ಹೆಸರಿನಿಂದ ಪರಿಚಿತವಾಗಿರುವ ಈ ಪ್ರಕಾರದಲ್ಲಿ ಹಾಡು, ಮಾತು, ಅಭಿನಯ ಮತ್ತು ಕಾಳಗ ನಾಲ್ಕೂ ಸೇರಿರುತ್ತವೆ. ಮೇ ಅವರು ದಾನ್ ಎಂದು ಕರೆಯಲಾಗುವ ಸ್ತ್ರೀಪಾತ್ರಗಳನ್ನು ಸುಮಾರು ಐದೂವರೆ ದಶಕಗಳ ಕಾಲ ನಿರ್ವಹಿಸಿದರು. ಜಪಾನ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ಪ್ರದರ್ಶನ ನೀಡಿ ಚೀನೀ ರಂಗಭೂಮಿಯನ್ನು ಹೊರಜಗತ್ತಿಗೆ ಪರಿಚಯಿಸಿದರು. ನಟನ ದೇಹದೊಂದಿಗೆ ಅಳಿದುಹೋಗುವ ಭಂಗಿ, ಹಸ್ತವಿನ್ಯಾಸ, ವೇಷಭೂಷಣ ಮತ್ತು ಬಣ್ಣಗಾರಿಕೆಯನ್ನು ಚಿತ್ರ, ಛಾಯಾಚಿತ್ರ ಹಾಗೂ ಚಲನಚಿತ್ರಗಳಲ್ಲಿ ದಾಖಲಿಸಿಡಲು ಅವರಷ್ಟು ಶ್ರಮಿಸಿದ ಕಲಾವಿದರು ಅವರ ತಲೆಮಾರಿನಲ್ಲಿ ವಿರಳ. ಇಂದು ಗಣಕದೃಷ್ಟಿಯ (ಕಂಪ್ಯೂಟರ್ ವಿಷನ್) ನೆರವಿನಿಂದ ಚೀನೀ ರಂಗಕಲೆಯನ್ನು ಸಂರಕ್ಷಿಸುವ ಯತ್ನಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಕೇಳಿಬರಲು ಇದೇ ಕಾರಣ.

ಮನೆತನ ಮತ್ತು ಬಾಲ್ಯ

ಮೇ ಅವರು ಬೀಜಿಂಗ್‌ನ ಕಲಾವಿದರ ಮನೆತನದಲ್ಲಿ ಜನಿಸಿದರು. ಅವರ ಮೂಲ ಹೆಸರು ಮೇ ಲಾನ್. ಲಾನ್‌ಫಾಂಗ್ ಎಂಬುದು ರಂಗನಾಮ. ಅಜ್ಜ ಮೇ ಚಿಯಾವ್‌ಲಿಂಗ್ ಚಿಂಗ್ ರಾಜವಂಶದ ಕಾಲದ ಹೆಸರಾಂತ ದಾನ್ ನಟರಾಗಿದ್ದು ಸಿಶಿ ಎಂಬ ಮೇಳದ ಯಜಮಾನರೂ ಆಗಿದ್ದರು. ತಂದೆ ಮೇ ಝುಫೆನ್ ಕೂಡ ಸ್ತ್ರೀಪಾತ್ರಧಾರಿಯೇ. ಅವರು ಇಪ್ಪತ್ತರ ಹರೆಯದಲ್ಲೇ ತೀರಿಕೊಂಡಾಗ ಮಗುವಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಹದಿಹರೆಯದಲ್ಲಿ ತಾಯಿಯನ್ನೂ ಕಳೆದುಕೊಂಡ ಹುಡುಗನನ್ನು ದೊಡ್ಡಪ್ಪ ಮೇ ಯುತ್ಯೆನ್ ಸಾಕಿದರು. ಜಿಂಗ್‌ಜು ಹಿಮ್ಮೇಳದ ಮುಖ್ಯ ವಾದ್ಯವಾದ, ಎರಡು ತಂತಿಗಳ ಜಿಂಗ್‌ಹುವನ್ನು ನುಡಿಸುವುದರಲ್ಲಿ ಅವರು ಆ ಕಾಲದ ಅಗ್ರಗಣ್ಯರು. ಮಹಾನಟ ತಾನ್ ಶಿನ್‌ಪೆಯ್ ಅವರ ಹಾಡಿಗೆ ಸಾಥ್ ನೀಡುತ್ತಿದ್ದವರು.

ಇಂತಹ ಮನೆತನದಲ್ಲಿ ಹುಟ್ಟಿದರೂ ಬಾಲಕನಲ್ಲಿ ಪ್ರತಿಭೆಯ ಲಕ್ಷಣಗಳು ಮೊದಲಿಗೆ ಕಾಣಲಿಲ್ಲ. ಕೆಲವೇ ಸಾಲುಗಳನ್ನು ಬಹಳ ಹೊತ್ತು ಹೇಳಿಕೊಟ್ಟರೂ ಬಾಯಿಗೆ ಬರಲಿಲ್ಲವೆಂದು ಒಬ್ಬ ಗುರು ಬೇಸತ್ತು ಪಾಠವನ್ನೇ ನಿಲ್ಲಿಸಿದರು. ಸ್ವಲ್ಪ ಸಮೀಪದೃಷ್ಟಿ, ಇಳಿಬಿದ್ದ ರೆಪ್ಪೆಗಳು, ಚುರುಕಿಲ್ಲದ ನೋಟ, ಇವೆಲ್ಲ ದಾನ್ ನಟನಿಗೆ ದೊಡ್ಡ ಕೊರತೆಗಳೇ. ಮುಂದೆ ವು ಲಿಂಗ್‌ಶಿಯನ್ ಎಂಬ ಗುರುವಿನ ತಾಳ್ಮೆಯ ಶಿಕ್ಷಣದಲ್ಲಿ ಅವರು ಬೆಳೆದರು. ೧೯೦೪ರಲ್ಲಿ ಬೀಜಿಂಗ್‌ನ ಗ್ವಾಂಗ್‌ಹೆ ರಂಗಮಂದಿರದಲ್ಲಿ ನೇಕಾರ ಕನ್ಯೆ ಎಂಬ ದೇವಕನ್ಯೆಯ ಪಾತ್ರದಲ್ಲಿ ಮೊದಲ ಬಾರಿ ರಂಗವೇರಿದರು.

ಕಣ್ಣಿನ ಕೊರತೆಯನ್ನು ಅವರು ನೀಗಿಕೊಂಡ ಬಗೆ ಚೀನಾದ ಶಾಲಾಮಕ್ಕಳಿಗೂ ತಿಳಿದ ಕಥೆ. ಮೇ ಅವರು ಹದಿಹರೆಯದಲ್ಲಿ ಪಾರಿವಾಳಗಳನ್ನು ಸಾಕತೊಡಗಿದರು. ಬೆಳಗಿನ ಜಾವ ಹಕ್ಕಿಗಳನ್ನು ಹಾರಲು ಬಿಟ್ಟು, ಉದ್ದನೆಯ ಬಿದಿರಿನ ಗಳುವನ್ನು ಬೀಸುತ್ತ ಅವುಗಳಿಗೆ ಸನ್ನೆ ಕೊಡುತ್ತಿದ್ದರು. ಆಕಾಶದ ಚುಕ್ಕೆಯಂತಾದ ಹಿಂಡಿನಲ್ಲಿ ತಮ್ಮ ಹಕ್ಕಿ ಯಾವುದು, ನೆರೆಯವರ ಹಕ್ಕಿ ಯಾವುದು ಎಂದು ಗುರುತಿಸಬೇಕಾಗಿತ್ತು. ವರ್ಷಗಟ್ಟಲೆ ನಡೆದ ಈ ಹವ್ಯಾಸದಿಂದ ಕಣ್ಣುಗಳಿಗೆ ಚಲನೆ ಬಂದಿತು, ಗಳು ಬೀಸಿ ತೋಳುಗಳಿಗೆ ಬಲ ಬಂದಿತು. ಭಾರವಾದ ಜರತಾರಿ ಉಡುಪು ತೊಟ್ಟು ತೋಳುಗಳನ್ನು ಸರಾಗವಾಗಿ ಆಡಿಸಲು ಈ ಬಲವೇ ನೆರವಾಯಿತೆಂದು ಅವರು ಮುಂದೆ ತಮ್ಮ ಆತ್ಮಕಥನದಲ್ಲಿ ವಿವರಿಸಿದ್ದಾರೆ.

ರಂಗದ ಮೇಲಿನ ಬದಲಾವಣೆಗಳು

ಜಿಂಗ್‌ಜುವಿನಲ್ಲಿ ಪಾತ್ರಗಳನ್ನು ಶೆಂಗ್ (ಪುರುಷ), ದಾನ್ (ಸ್ತ್ರೀ), ಜಿಂಗ್ (ಬಣ್ಣದ ಮುಖದವರು) ಮತ್ತು ಚೌ (ಹಾಸ್ಯಗಾರ) ಎಂದು ವಿಂಗಡಿಸಲಾಗುತ್ತದೆ. ದಾನ್ ಪಾತ್ರಗಳಲ್ಲಿಯೂ ಒಳಭೇದಗಳಿವೆ. ಗಂಭೀರ ಗೃಹಿಣಿಯಾದ ಚಿಂಗ್‌ಯಿ ಮುಖ್ಯವಾಗಿ ಹಾಡುತ್ತಾಳೆ. ಅವಳ ಚಲನೆ ಮಿತವಾದದ್ದು. ಚೆಲ್ಲಾಟದ ಹ್ವಾದಾನ್ ಮಾತು ಮತ್ತು ಅಭಿನಯದಲ್ಲಿ ಮುಂದು. ವುದಾನ್ ಕಾಳಗದ ಹೆಣ್ಣು. ಒಬ್ಬ ನಟ ಒಂದು ಬಗೆಗೆ ಮೀಸಲಾಗಿರುವುದು ಹಿಂದಿನ ಪದ್ಧತಿಯಾಗಿತ್ತು. ಈ ಗೋಡೆಗಳನ್ನು ಮೊದಲು ಅಲುಗಾಡಿಸಿದವರು ಹಿರಿಯ ನಟ ವಾಂಗ್ ಯಾವ್‌ಚಿಂಗ್. ಅವರಿಂದ ಕಲಿತ ಮೇ ಅವರು ಮೂರೂ ಬಗೆಗಳನ್ನು ಬೆಸೆದ ಹ್ವಾಶಾನ್ ಎಂಬ ಶೈಲಿಯನ್ನು ಪೂರ್ಣತೆಗೆ ತಂದರು.

೧೯೧೩ರಲ್ಲಿ ಅವರು ಮೊದಲ ಬಾರಿ ಶಾಂಘೈಗೆ ಹೋದರು. ಅಲ್ಲಿನ ಹೊಸ ಮಾದರಿಯ ರಂಗಮಂದಿರಗಳು, ದೀಪವ್ಯವಸ್ಥೆ ಮತ್ತು ಸಾಮಾಜಿಕ ನಾಟಕಗಳು ಅವರ ಮೇಲೆ ಗಾಢ ಪ್ರಭಾವ ಬೀರಿದವು. ಬೀಜಿಂಗ್‌ಗೆ ಮರಳಿದ ಮೇಲೆ ಸಮಕಾಲೀನ ಉಡುಪಿನ ಕೆಲವು ನಾಟಕಗಳನ್ನು ಆಡಿದರು. ಬಲವಂತದ ಮದುವೆ, ಹೆಣ್ಣುಮಕ್ಕಳ ಮಾರಾಟ ಮುಂತಾದ ವಿಷಯಗಳು ಅವುಗಳಲ್ಲಿದ್ದವು. ಆದರೆ ದಿನನಿತ್ಯದ ಬಟ್ಟೆಯಲ್ಲಿ, ದಿನನಿತ್ಯದ ಚಲನೆಯಲ್ಲಿ ಜಿಂಗ್‌ಜುವಿನ ನೃತ್ಯಗುಣ ಸೊರಗುತ್ತದೆ ಎಂಬುದು ಅವರಿಗೆ ಬೇಗನೆ ಮನವರಿಕೆಯಾಯಿತು. ಆ ದಾರಿಯನ್ನು ಅವರು ಕೈಬಿಟ್ಟರು.

ಹೆಚ್ಚು ಫಲ ಕೊಟ್ಟದ್ದು ಪ್ರಾಚೀನ ವೇಷದ ಹೊಸ ನಾಟಕಗಳು. ಇವುಗಳ ಹಿಂದೆ ವಿದ್ವಾಂಸ ಚಿ ರುಶಾನ್ (೧೮೭೫–೧೯೬೨) ಅವರ ಕೈವಾಡವಿತ್ತು. ಯುರೋಪಿನ ರಂಗಭೂಮಿಯನ್ನು ಕಂಡಿದ್ದ ಅವರು ಮೇ ಅವರ ಅಭಿನಯದಲ್ಲಿ ಕಂಡ ಕೊರತೆಗಳನ್ನು ಪತ್ರಮುಖೇನ ತಿಳಿಸಿದ್ದರು. ಯುವನಟರು ಅದನ್ನು ಮುಂದಿನ ಪ್ರದರ್ಶನದಲ್ಲೇ ಪಾಲಿಸಿದ್ದರಿಂದ ಇಬ್ಬರ ನಡುವೆ ಎರಡು ದಶಕಗಳ ಸಹಯೋಗ ಬೆಳೆಯಿತು. ೧೯೧೫ರಲ್ಲಿ ಚಂದ್ರಲೋಕಕ್ಕೆ ಹಾರಿದ ದೇವತೆ ಚಾಂಗ್‌ ಎ ಕುರಿತ ನಾಟಕ ರಂಗಕ್ಕೆ ಬಂದಿತು. ಅದುವರೆಗೆ ರಂಗದ ಹೆಣ್ಣಿನ ಮೇಲಂಗಿ ಲಂಗದ ಹೊರಗೆ ಇಳಿಬಿದ್ದಿರುತ್ತಿತ್ತು. ಹಳೆಯ ಚಿತ್ರಪಟಗಳಲ್ಲಿನ ಸುಂದರಿಯರನ್ನು ಅಭ್ಯಸಿಸಿ, ಕುಪ್ಪಸವನ್ನು ಲಂಗದ ಒಳಗೆ ಸೇರಿಸಿ ನಡುಕಟ್ಟಿದ, ತುರುಬನ್ನು ನೆತ್ತಿಗೆ ಏರಿಸಿದ ಹೊಸ ವೇಷವನ್ನು ರೂಪಿಸಲಾಯಿತು. ನರ್ತಕನ ಸೊಂಟದ ಗೆರೆ ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕಾಣತೊಡಗಿದ್ದು ಆಗ. ೧೯೧೬ರಲ್ಲಿ ಕೆಂಪು ಮಹಲಿನ ಕನಸು ಕಾದಂಬರಿಯನ್ನು ಆಧರಿಸಿದ, ದಾಯ್‌ಯು ಉದುರಿದ ಹೂಗಳನ್ನು ಮಣ್ಣುಮಾಡುವ ನಾಟಕ ಬಂದಿತು.

೧೯೧೭ರ ಹೂ ಚೆಲ್ಲುವ ದೇವಕನ್ಯೆ ನಾಟಕದ ಮೂಲ ಭಾರತದ ಬೌದ್ಧ ಸಾಹಿತ್ಯದಲ್ಲಿದೆ. ವೈಶಾಲಿಯ ಗೃಹಸ್ಥ ವಿಮಲಕೀರ್ತಿಯ ಮನೆಯಲ್ಲಿ ದೇವಕನ್ಯೆಯೊಬ್ಬಳು ಹೂಮಳೆ ಸುರಿಸುವ ಪ್ರಸಂಗ ವಿಮಲಕೀರ್ತಿನಿರ್ದೇಶ ಸೂತ್ರದಲ್ಲಿ ಬರುತ್ತದೆ: ಹೂಗಳು ಬೋಧಿಸತ್ತ್ವರ ಮೈಯಿಂದ ಜಾರಿ ಬೀಳುತ್ತವೆ, ಶಿಷ್ಯರ ಮೈಗೆ ಮಾತ್ರ ಅಂಟಿಕೊಳ್ಳುತ್ತವೆ. ಮೇ ಅವರು ಇಲ್ಲಿ ರೂಢಿಯ ನೀರುತೋಳುಗಳನ್ನು, ಅಂದರೆ ಅಂಗಿಯ ತೋಳಿನ ತುದಿಗೆ ಹೊಲಿದ ಬಿಳಿ ರೇಷ್ಮೆಯ ಉದ್ದ ಪಟ್ಟಿಗಳನ್ನು, ಬಿಟ್ಟು ಎರಡು ಉದ್ದನೆಯ ರೇಷ್ಮೆ ಪಟ್ಟಿಗಳನ್ನು ಹಿಡಿದು ನರ್ತಿಸಿದರು. ಒಳಗೆ ಕೋಲುಗಳಿಲ್ಲದೆ ಬರಿಗೈಯ ಬಲದಿಂದಲೇ ಅವುಗಳನ್ನು ಗಾಳಿಯಲ್ಲಿ ತೇಲಿಸಬೇಕಾಗಿತ್ತು. ಇದಕ್ಕಾಗಿ ಅವರು ಬೌದ್ಧ ವರ್ಣಚಿತ್ರಗಳನ್ನೂ ವಿಗ್ರಹಗಳನ್ನೂ ದೀರ್ಘಕಾಲ ಅಭ್ಯಸಿಸಿದರು.

೧೯೨೨ರಲ್ಲಿ ವೀರಪಾತ್ರಗಳ ಮೇರುನಟ ಯಾಂಗ್ ಶಿಯಾವ್‌ಲೌ ಅವರೊಂದಿಗೆ ಆಡಿದ ಬಾವಾಂಗ್ ಬಿಯೆಜಿ ಬಹುಶಃ ಅವರ ಅತ್ಯಂತ ಜನಪ್ರಿಯ ನಾಟಕ. ಸೋಲು ಖಚಿತವಾದ ರಾತ್ರಿ ಅರಸ ಶಿಯಾಂಗ್ ಯು ಎದುರು ಅವನ ಪ್ರೇಯಸಿ ಯು ಜಿ ಕತ್ತಿಗಳನ್ನು ಹಿಡಿದು ನರ್ತಿಸಿ, ಅವನಿಗೆ ಹೊರೆಯಾಗಬಾರದೆಂದು ಪ್ರಾಣ ಬಿಡುತ್ತಾಳೆ. ಕತ್ತಿನೃತ್ಯಕ್ಕಾಗಿ ಮೇ ಅವರು ಸಾಂಪ್ರದಾಯಿಕ ಖಡ್ಗವಿದ್ಯೆಯನ್ನು ಪ್ರತ್ಯೇಕವಾಗಿ ಕಲಿತರು.

ಹಳೆಯ ನಾಟಕಗಳನ್ನು ತಿದ್ದುವುದರಲ್ಲಿ ಅವರ ನಿಜವಾದ ಸೂಕ್ಷ್ಮತೆ ಕಾಣುತ್ತದೆ. ಯಾಂಗ್ ಗ್ವೀಫೆಯ್ ಮದ್ಯದ ಅಮಲೇರಿ ನರ್ತಿಸುವ ನಾಟಕದಲ್ಲಿ ಒಂದು ಪ್ರಸಿದ್ಧ ಭಂಗಿಯಿದೆ. ನಟ ಕಾಲುಗಳನ್ನು ಹೆಣೆದು, ಮೈಯನ್ನು ತಿರುಚುತ್ತ ನಿಧಾನವಾಗಿ ನೆಲಕ್ಕೆ ಇಳಿಯಬೇಕು. ಮಲಗಿದ ಮೀನು ಎಂದು ಇದಕ್ಕೆ ಹೆಸರು. ಭಂಗಿ ಕಠಿಣ, ಸುಂದರ. ಆದರೆ ಅದಕ್ಕೊಂದು ಅರ್ಥವಿರಲಿಲ್ಲ. ಹಾಂಗ್‌ಕಾಂಗ್‌ನಲ್ಲಿದ್ದಾಗ ತೋಟದಲ್ಲಿ ಬಗ್ಗಿ ಹೂವನ್ನು ಮೂಸುತ್ತಿದ್ದ ಮೇ ಅವರನ್ನು ಕಂಡ ಸ್ನೇಹಿತರೊಬ್ಬರು ಅದು ಆ ಭಂಗಿಯಂತೆಯೇ ಇದೆಯೆಂದರು. ಮುಂದೆ ಗ್ವೀಫೆಯ್ ನೆಲಕ್ಕಿಳಿಯುವುದು ಹೂವಿನ ಪರಿಮಳವನ್ನು ಸವಿಯುವುದಕ್ಕೆ ಎಂದಾಯಿತು. ಒಂದು ಹೆಜ್ಜೆಯೂ ಬದಲಾಗಲಿಲ್ಲ, ಕಣ್ಣು ಮತ್ತು ಬೆರಳುಗಳ ಗುರಿ ಮಾತ್ರ ಬದಲಾಯಿತು.

೧೯೨೦ರ ದಶಕದ ಕೊನೆಯ ಹೊತ್ತಿಗೆ ಮೇ ಲಾನ್‌ಫಾಂಗ್, ಚೆಂಗ್ ಯಾನ್‌ಚಿಯು, ಶಾಂಗ್ ಶಿಯಾವ್‌ಯುನ್ ಮತ್ತು ಶುನ್ ಹುಯ್‌ಶೆಂಗ್ ಅವರನ್ನು ನಾಲ್ವರು ಮಹಾ ದಾನ್‌ಗಳೆಂದು ಕರೆಯುವ ರೂಢಿ ಬೆಳೆಯಿತು.

ಚಿತ್ರಕಲೆ ಮತ್ತು ಸಂಗ್ರಹ

ಮೇ ಅವರು ರಂಗದಾಚೆ ಚಿತ್ರಕಲೆಯನ್ನು ಗಂಭೀರವಾಗಿ ಕಲಿತರು. ೧೯೨೦ರ ಸುಮಾರಿಗೆ ಹಿರಿಯ ಚಿತ್ರಕಾರ ಚಿ ಬಾಯ್‌ಶಿ ಅವರಿಂದ ಹುಳುಹುಪ್ಪಟೆ, ಹೂಗಳನ್ನು ಬರೆಯುವುದನ್ನು ಕಲಿತರು. ಮನೆಯಂಗಳದಲ್ಲಿ ಬೆಳಗಿನ ಹೂಬಳ್ಳಿಯ ನಾನಾ ತಳಿಗಳನ್ನು ಬೆಳೆಸಿದ್ದರು. ಉಡುಪಿನ ಬಣ್ಣಗಳನ್ನು ಯಾವುದರೊಂದಿಗೆ ಯಾವುದನ್ನು ಹೊಂದಿಸಬೇಕೆಂಬ ಅರಿವು ಈ ಹೂಗಳಿಂದ ತಮಗೆ ಬಂದಿತೆಂಬುದು ಅವರ ಅನುಭವ.

ಅವರ ಅಧ್ಯಯನ ಕೊಠಡಿಗೆ ಝುಯ್‌ಯುಶ್ವಾನ್ ಎಂಬ ಹೆಸರಿತ್ತು. ಅಲ್ಲಿ ಮಿಂಗ್ ಮತ್ತು ಚಿಂಗ್ ಕಾಲದ ಮುಖವರ್ಣಿಕೆಗಳ ಚಿತ್ರಸಂಪುಟಗಳು ಸಂಗ್ರಹವಾಗಿದ್ದವು. ಇಲ್ಲೊಂದು ಸ್ಪಷ್ಟನೆ ಅಗತ್ಯ. ಚೀನೀ ಆಪೆರಾ ಎಂದೊಡನೆ ನೆನಪಾಗುವ, ಇಡೀ ಮುಖವನ್ನು ಆವರಿಸುವ ಬಣ್ಣದ ವಿನ್ಯಾಸಗಳು ಮುಖ್ಯವಾಗಿ ಜಿಂಗ್ ಪಾತ್ರಗಳಿಗೆ ಸೇರಿದವು. ಚೌ ಪಾತ್ರಕ್ಕೆ ಮೂಗಿನ ಸುತ್ತ ಬಿಳಿ ಮಚ್ಚೆ ಮಾತ್ರ. ನಿಷ್ಠೆಗೆ ಕೆಂಪು, ನೇರ ನಡೆಗೆ ಕಪ್ಪು, ಕಪಟಕ್ಕೆ ಬಿಳಿ ಎಂಬ ಸಂಕೇತಗಳೂ ಅವಕ್ಕೇ ಅನ್ವಯಿಸುತ್ತವೆ. ದಾನ್ ಪಾತ್ರದ ಮುಖಕ್ಕೆ ಬಿಳಿ ಮತ್ತು ಗುಲಾಬಿ ಲೇಪ, ಕಣ್ಣಿಗೆ ಕಪ್ಪು ಗೆರೆ, ಕೆನ್ನೆಯ ಅಂಚಿಗೆ ಅಂಟಿಸುವ ಕೂದಲಿನ ಪಟ್ಟಿಗಳು ಇಷ್ಟೇ. ತಾವು ಎಂದೂ ಧರಿಸದ ವರ್ಣಿಕೆಗಳನ್ನು ಮೇ ಅವರು ಸಂಗ್ರಹಿಸಿಟ್ಟದ್ದು ಕಲೆಯ ಒಟ್ಟು ಪರಂಪರೆಯ ಮೇಲಿನ ಕಾಳಜಿಯಿಂದ. ಹಳೆಯ ಸಂಪುಟಗಳನ್ನು ಇಂದಿನ ವರ್ಣಿಕೆಗಳ ಪಕ್ಕದಲ್ಲಿಟ್ಟು ನೋಡಿದರೆ ಕೆಲವೇ ಗೆರೆಗಳ ಸರಳ ಮುಖಗಳು ಕಾಲಕ್ರಮದಲ್ಲಿ ಹೇಗೆ ಜಟಿಲವಾದವು ಎಂಬುದು ತಿಳಿಯುತ್ತದೆ.

೧೯೩೧ರಲ್ಲಿ ಅವರು ಚಿ ರುಶಾನ್, ನಟ ಯು ಶುಯಾನ್ ಮೊದಲಾದವರೊಂದಿಗೆ ಬೀಜಿಂಗ್‌ನಲ್ಲಿ ರಾಷ್ಟ್ರೀಯ ರಂಗಕಲಾ ಸಂಘವನ್ನು ಸ್ಥಾಪಿಸಿದರು. ಸಂಘವು ಹಸ್ತಪ್ರತಿ, ವಾದ್ಯ, ಚಿತ್ರಗಳನ್ನು ಕಲೆಹಾಕಿ ಸಚಿತ್ರ ಪತ್ರಿಕೆಯನ್ನೂ ಹೊರತಂದಿತು.

ಟಾಗೋರ್ ಭೇಟಿ

೧೯೨೪ರಲ್ಲಿ ರವೀಂದ್ರನಾಥ ಟಾಗೋರರು ಚೀನಾ ಪ್ರವಾಸ ಕೈಗೊಂಡಾಗ ಅವರ ಹುಟ್ಟುಹಬ್ಬದ ಅಂಗವಾಗಿ ಬೀಜಿಂಗ್‌ನಲ್ಲಿ ಚಿತ್ರಾ ನಾಟಕವನ್ನು ಇಂಗ್ಲಿಷಿನಲ್ಲಿ ಆಡಲಾಯಿತು. ಮೇ ಅವರು ಪ್ರೇಕ್ಷಕರಲ್ಲಿದ್ದರು. ಅತಿಥಿಯ ಕೋರಿಕೆಯಂತೆ ಮೇ ೧೯ರಂದು ಕಾಯ್‌ಮಿಂಗ್ ರಂಗಮಂದಿರದಲ್ಲಿ ಲುವೊ ನದಿಯ ದೇವತೆ ನಾಟಕವನ್ನು ಅವರಿಗಾಗಿ ಆಡಿದರು. ಅಭಿನಯವನ್ನು ಮೆಚ್ಚಿದ ಟಾಗೋರರಿಗೆ ಹಿನ್ನೆಲೆಯ ಪರದೆ ಮಾತ್ರ ಸಪ್ಪೆಯೆನಿಸಿತು. ಪೌರಾಣಿಕ ಕಥೆಗೆ ಕಲ್ಪನೆಯ ಗಾಢ ವರ್ಣಗಳು ಬೇಕೆಂದು ಅವರು ಸಲಹೆಯಿತ್ತರು. ಮೇ ಅವರು ರಂಗಸಜ್ಜಿಕೆಯನ್ನು ಹೊಸದಾಗಿ ಬರೆಸಿದರು. ಬೀಳ್ಕೊಡುವಾಗ ಟಾಗೋರರು ರೇಷ್ಮೆಯ ಬೀಸಣಿಗೆಯ ಮೇಲೆ ಬಂಗಾಳಿ ಕವಿತೆಯೊಂದನ್ನು ಬರೆದುಕೊಟ್ಟರು. ಟಾಗೋರರ ಜನ್ಮಶತಾಬ್ದಿಯ ವರ್ಷವಾದ ೧೯೬೧ರಲ್ಲಿ, ತಮ್ಮ ಬದುಕಿನ ಕೊನೆಯ ತಿಂಗಳುಗಳಲ್ಲಿ, ಮೇ ಅವರು ಈ ಭೇಟಿಯ ಕುರಿತು ಲೇಖನ ಬರೆದರು.

ಹೊರದೇಶಗಳ ಪ್ರವಾಸ

ಮೇ ಅವರ ಮೊದಲ ವಿದೇಶ ಪ್ರವಾಸ ೧೯೧೯ರಲ್ಲಿ ಜಪಾನಿಗೆ. ಟೋಕಿಯೊದ ಇಂಪೀರಿಯಲ್ ರಂಗಮಂದಿರದಲ್ಲಿ ಪ್ರದರ್ಶನಗಳು ನಡೆದವು. ೧೯೨೪ ಮತ್ತು ೧೯೫೬ರಲ್ಲಿಯೂ ಅಲ್ಲಿಗೆ ಹೋಗಿದ್ದರು.

ಅಮೆರಿಕ ಪ್ರವಾಸದ ಸಿದ್ಧತೆಗೆ ವರ್ಷಗಳೇ ಹಿಡಿದವು. ಚೀನೀ ಭಾಷೆ ತಿಳಿಯದ ಪ್ರೇಕ್ಷಕರಿಗಾಗಿ ಚಿ ರುಶಾನ್ ಅವರು ರಂಗಸ್ಥಳ, ಉಡುಪು, ಶಿರೋಭೂಷಣ, ಗಡ್ಡ, ಆಯುಧ, ವಾದ್ಯ, ಮುಖವರ್ಣಿಕೆ, ನೃತ್ಯಭಂಗಿ ಎಲ್ಲವನ್ನೂ ವರ್ಣಚಿತ್ರಫಲಕಗಳಲ್ಲಿ ಬರೆಸಿದರು. ಇಂದು ಚಿತ್ರಭಂಡಾರ ಎನ್ನಬಹುದಾದ ಈ ಸಂಗ್ರಹದಲ್ಲಿ ಇನ್ನೂರರಷ್ಟು ಹಾಳೆಗಳಿದ್ದವು. ಸಂಗೀತಗಾರ ಲಿಯು ತ್ಯೆನ್‌ಹ್ವಾ ಅವರು ಹಾಡುಗಳನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸಿದರು. ಬಾಯಿಂದ ಬಾಯಿಗೆ ಬಂದ ವಿದ್ಯೆಯೊಂದು ಇಷ್ಟು ವ್ಯವಸ್ಥಿತವಾಗಿ ಕಾಗದಕ್ಕಿಳಿದದ್ದು ಹೊರಗಿನವರಿಗೆ ತೋರಿಸುವ ಸಲುವಾಗಿ ಎಂಬುದು ಕುತೂಹಲಕರ. ಹಸ್ತವಿನ್ಯಾಸಗಳೂ ಈ ಅವಧಿಯಲ್ಲಿ ಹೆಸರು ಪಡೆದವು. ಆರ್ಕಿಡ್ ಬೆರಳುಗಳೆಂದು ಕರೆಯಲಾಗುವ ಮೇ ಅವರ ಹಸ್ತಗಳನ್ನು ಸಾಮಾನ್ಯವಾಗಿ ೫೩ ಎಂದು ಎಣಿಸಲಾಗುತ್ತದೆ.

ಆರ್ಥಿಕ ಕುಸಿತದ ಸುದ್ದಿ ಬಂದು ಪ್ರವಾಸ ಮುಂದೂಡುವಂತೆ ಸಲಹೆಯಿದ್ದರೂ ತಂಡ ೧೯೩೦ರ ಜನವರಿಯಲ್ಲಿ ಹಡಗು ಹತ್ತಿತು. ನಾಟಕತಜ್ಞ ಝಾಂಗ್ ಪೆಂಗ್‌ಚುನ್ ಅವರು ನಿರ್ದೇಶನದ ಹೊಣೆ ಹೊತ್ತು, ಇಡೀ ರಾತ್ರಿಯ ಕಥನಕ್ಕೆ ಬದಲು ಎರಡು ಗಂಟೆಗಳಲ್ಲಿ ಮುಗಿಯುವ ಬಿಡಿ ದೃಶ್ಯಗಳನ್ನು ಆರಿಸಿದರು. ಫೆಬ್ರವರಿ ೧೭ರಂದು ನ್ಯೂಯಾರ್ಕಿನ ೪೯ನೇ ಬೀದಿಯ ರಂಗಮಂದಿರದಲ್ಲಿ ಆರಂಭವಾದ ಪ್ರದರ್ಶನ ಎರಡು ವಾರಗಳ ನಂತರ ದೊಡ್ಡದಾದ ಇನ್ನೊಂದು ರಂಗಮಂದಿರಕ್ಕೆ ಸ್ಥಳಾಂತರಗೊಂಡಿತು. ಶಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಹೊನೊಲುಲುಗಳಲ್ಲೂ ಪ್ರದರ್ಶನಗಳಾದವು. ಚಾರ್ಲಿ ಚಾಪ್ಲಿನ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಮುಂತಾದವರ ಸ್ನೇಹ ಬೆಳೆಯಿತು. ಪೊಮೊನಾ ಕಾಲೇಜು ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿದವು.

೧೯೩೫ರ ವಸಂತದಲ್ಲಿ ಸೋವಿಯತ್ ಒಕ್ಕೂಟದ ಆಹ್ವಾನ ಬಂದಿತು. ಜಪಾನಿನ ವಶದಲ್ಲಿದ್ದ ಮಂಚೂರಿಯಾದ ಮೂಲಕ ರೈಲಿನಲ್ಲಿ ಹೋಗಲು ಮೇ ಅವರು ಒಪ್ಪಲಿಲ್ಲ. ಸೋವಿಯತ್ ಸರ್ಕಾರ ಶಾಂಘೈಗೆ ಹಡಗು ಕಳುಹಿಸಿ ಅವರನ್ನು ವ್ಲಾಡಿವಾಸ್ಟಾಕ್‌ಗೆ ಕರೆದೊಯ್ದಿತು. ಮಾಸ್ಕೊ ಮತ್ತು ಲೆನಿನ್‌ಗ್ರಾಡ್‌ಗಳಲ್ಲಿ ಸ್ಟಾನಿಸ್ಲಾವ್‌ಸ್ಕಿ, ಮೆಯೆರ್‌ಹೋಲ್ಡ್, ನೆಮಿರೊವಿಚ್-ಡಾನ್ಚೆಂಕೊ, ಐಸೆನ್‌ಸ್ಟೈನ್ ಅವರಂತಹ ದಿಗ್ಗಜರೊಂದಿಗೆ ಒಡನಾಟವಾಯಿತು. ಮೆಯೆರ್‌ಹೋಲ್ಡ್ ಅವರನ್ನು ಸೆಳೆದದ್ದು ವಿಶೇಷವಾಗಿ ಮೇ ಅವರ ಕೈಗಳು. ಆಗ ಮಾಸ್ಕೊದಲ್ಲಿದ್ದ ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟ್, ವೇಷ-ಬಣ್ಣಗಳಿಲ್ಲದೆ ಸೂಟು ತೊಟ್ಟೇ ಮೇ ಅವರು ಸ್ತ್ರೀಪಾತ್ರವನ್ನು ಅಭಿನಯಿಸಿ ತೋರಿಸಿದ್ದನ್ನು ಕಂಡು ಚೀನೀ ಅಭಿನಯದ ಕುರಿತು ಪ್ರಸಿದ್ಧ ಪ್ರಬಂಧ ಬರೆದರು. ನಟ ಪಾತ್ರದಿಂದ ದೂರ ನಿಲ್ಲುತ್ತಾನೆಂಬ ಅವರ ವ್ಯಾಖ್ಯಾನವನ್ನು ಚೀನೀ ವಿದ್ವಾಂಸರು ಪೂರ್ತಿ ಒಪ್ಪಿಲ್ಲ. ಪಾತ್ರದಲ್ಲಿ ತನ್ಮಯರಾಗುವುದನ್ನೂ ಮೇ ಅವರು ಅಷ್ಟೇ ಮುಖ್ಯವೆಂದು ಪರಿಗಣಿಸಿದ್ದರು.

ಏಪ್ರಿಲ್ ೧೪ರಂದು ಸೋವಿಯತ್ ಕಲಾವಿದರು ಈ ಪ್ರದರ್ಶನಗಳ ಬಗ್ಗೆ ಚರ್ಚಾಸಭೆ ನಡೆಸಿದರು. ಈ ಸಭೆಯನ್ನು ಕುರಿತು ಸ್ವೀಡನ್ನಿನ ವಿದ್ವಾಂಸ ಲಾರ್ಸ್ ಕ್ಲೆಬರ್ಗ್ ಬರೆದ ಕಾಲ್ಪನಿಕ ಸಂಭಾಷಣೆಯನ್ನು ಚೀನಾವೂ ಸೇರಿದಂತೆ ಹಲವೆಡೆ ಬಹುಕಾಲ ನಿಜವಾದ ನಡಾವಳಿಯೆಂದೇ ನಂಬಲಾಗಿತ್ತು; ಅಸಲಿ ನಡಾವಳಿ ಪ್ರಕಟವಾದದ್ದು ೧೯೯೦ರ ದಶಕದಲ್ಲಿ.

ಯುದ್ಧದ ವರ್ಷಗಳು

ಮೇ ಅವರು ೧೯೩೨ರಲ್ಲಿ ಶಾಂಘೈಗೆ ನೆಲೆ ಬದಲಿಸಿದ್ದರು. ಜಪಾನಿನ ಆಕ್ರಮಣದ ಹಿನ್ನೆಲೆಯಲ್ಲಿ ಪರಕೀಯರ ದಾಳಿಯನ್ನು ಎದುರಿಸುವ ಕಥಾವಸ್ತುವಿನ ನಾಟಕಗಳನ್ನು ರಂಗಕ್ಕೆ ತಂದರು. ಶಾಂಘೈ ಜಪಾನೀಯರ ವಶವಾದ ಬಳಿಕ ೧೯೩೮ರಲ್ಲಿ ಹಾಂಗ್‌ಕಾಂಗ್ ಸೇರಿದರು. ೧೯೪೧ರ ಡಿಸೆಂಬರಿನಲ್ಲಿ ಆ ನಗರವೂ ಬಿದ್ದಿತು. ಆಗ ಅವರು ಮೀಸೆ ಬಿಟ್ಟರು. ಸ್ತ್ರೀಪಾತ್ರಧಾರಿಯೊಬ್ಬ ಮೀಸೆ ಬಿಡುವುದೆಂದರೆ ರಂಗವೇರುವುದಿಲ್ಲ ಎಂದು ಸಾರಿದಂತೆಯೇ.

೧೯೪೨ರಲ್ಲಿ ಶಾಂಘೈಗೆ ಮರಳಿದ ಮೇಲೂ ಪ್ರದರ್ಶನ ನೀಡುವಂತೆ ಒತ್ತಡ ಮುಂದುವರಿಯಿತು. ಒಮ್ಮೆ ತೀವ್ರ ಜ್ವರ ಬರಲೆಂದು ವೈದ್ಯರಿಂದ ವಿಷಮಶೀತಜ್ವರದ ಲಸಿಕೆಯನ್ನು ಸಾಲಾಗಿ ಚುಚ್ಚಿಸಿಕೊಂಡು ಹಾಸಿಗೆ ಹಿಡಿದರು. ಪರೀಕ್ಷಿಸಲು ಬಂದವರು ಕೈಚೆಲ್ಲಿ ಹೋದರು. ಪ್ರಾಣಕ್ಕೇ ಅಪಾಯವಿದ್ದ ಉಪಾಯವದು. ಆದಾಯವಿಲ್ಲದ ಆ ದಿನಗಳಲ್ಲಿ ಬೀಜಿಂಗ್‌ನ ಮನೆ ಕೈಬಿಟ್ಟಿತು. ಬ್ಲಾಕ್‌ಔಟ್ ರಾತ್ರಿಗಳಲ್ಲಿ ದೀಪದ ಮಂದ ಬೆಳಕಿನಲ್ಲಿ ಚಿತ್ರ ಬರೆದು ಮಾರಿದರು; ೧೯೪೫ರಲ್ಲಿ ಚಿತ್ರಪ್ರದರ್ಶನವನ್ನೂ ಏರ್ಪಡಿಸಿದರು. ಜಪಾನ್ ಶರಣಾದ ನಂತರ ಆ ವರ್ಷದ ಅಕ್ಟೋಬರಿನಲ್ಲಿ, ತಮ್ಮ ೫೧ನೇ ವಯಸ್ಸಿನ ಹೊಸ್ತಿಲಲ್ಲಿ, ಮೀಸೆ ತೆಗೆದು ಮತ್ತೆ ರಂಗಕ್ಕೆ ಬಂದರು.

ಚಲನಚಿತ್ರಗಳು

ತಮ್ಮ ಅಭಿನಯವನ್ನು ತಾವೇ ನೋಡಿ ತಿದ್ದಿಕೊಳ್ಳುವ ಅವಕಾಶ ಸಿನಿಮಾದಿಂದ ಮಾತ್ರ ಸಾಧ್ಯ ಎಂಬುದನ್ನು ಮೇ ಅವರು ಬೇಗನೆ ಮನಗಂಡಿದ್ದರು. ೧೯೨೦ರಲ್ಲಿ ಶಾಂಘೈನ ಕಮರ್ಷಿಯಲ್ ಪ್ರೆಸ್ ಸಂಸ್ಥೆಯ ಚಲನಚಿತ್ರ ವಿಭಾಗ ಅವರ ಎರಡು ನಾಟಕಗಳನ್ನು ಮೂಕಿಚಿತ್ರವಾಗಿ ಚಿತ್ರೀಕರಿಸಿತು. ಅವುಗಳಲ್ಲಿ ಹೂ ಚೆಲ್ಲುವ ದೇವಕನ್ಯೆಯೂ ಒಂದು. ಈ ಚಿತ್ರಗಳು ಉಳಿದುಬಂದಿಲ್ಲ. ೧೯೨೪ರಲ್ಲಿ ಮಿನ್‌ಶಿನ್ ಸಂಸ್ಥೆಯು ಬಾವಾಂಗ್ ಬಿಯೆಜಿಯ ಕತ್ತಿನೃತ್ಯವೂ ಸೇರಿದಂತೆ ಐದು ತುಣುಕುಗಳನ್ನು ಸೆರೆಹಿಡಿಯಿತು. ೧೯೩೦ರಲ್ಲಿ ನ್ಯೂಯಾರ್ಕಿನಲ್ಲಿ ಪ್ಯಾರಮೌಂಟ್ ಸಂಸ್ಥೆ ವ್ಯಾಘ್ರವಧೆ ನಾಟಕದ ದೃಶ್ಯವೊಂದನ್ನು ಧ್ವನಿಸಹಿತ ಚಿತ್ರೀಕರಿಸಿತು. ೧೯೩೫ರಲ್ಲಿ ಮಾಸ್ಕೊದಲ್ಲಿ ಐಸೆನ್‌ಸ್ಟೈನ್ ಅವರೇ ಕಾಮನಬಿಲ್ಲಿನ ಕಣಿವೆ ನಾಟಕದ ಭರ್ಜಿಕಾಳಗವನ್ನು ನಿರ್ದೇಶಿಸಿದರು. ಒಂದೊಂದು ಚೌಕಟ್ಟಿಗೂ ಪಟ್ಟುಹಿಡಿಯುತ್ತಿದ್ದ ಅವರೊಂದಿಗೆ ಚಿತ್ರೀಕರಣ ರಾತ್ರಿಯಿಡೀ ನಡೆಯಿತು.

೧೯೪೮ರಲ್ಲಿ ತೆರೆಕಂಡ, ಫೆಯ್ ಮು ನಿರ್ದೇಶನದ ಶೆಂಗ್ ಸಿ ಹೆನ್ ಚೀನಾದ ಮೊದಲ ವರ್ಣಚಿತ್ರ. ೧೬ ಮಿಲಿಮೀಟರ್ ಫಿಲ್ಮಿನಲ್ಲಿ ತೆಗೆದು ೩೫ ಮಿಲಿಮೀಟರಿಗೆ ಹಿಗ್ಗಿಸಿದ್ದರಿಂದ ಬಣ್ಣಗಳು ಕದಡಿದವು, ಬಿಂಬ ಮಸುಕಾಯಿತು. ಇದರಿಂದ ಮೇ ಅವರಿಗೆ ಬಹಳ ನಿರಾಸೆಯಾಯಿತು. ಉಡುಪಿನ ವರ್ಣವೇ ಅರ್ಥದ ಭಾಗವಾಗಿರುವ ಕಲೆಗೆ ಇದು ಸಣ್ಣ ನಷ್ಟವಲ್ಲ.

ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ೧೯೫೫ರಲ್ಲಿ ವು ಝುಗ್ವಾಂಗ್ ನಿರ್ದೇಶಿಸಿದ ಮೇ ಲಾನ್‌ಫಾಂಗ್ ಅವರ ರಂಗಕಲೆ ಎಂಬ ವರ್ಣಚಿತ್ರ. ಬಾವಾಂಗ್ ಬಿಯೆಜಿ, ಅಮಲೇರಿದ ಗ್ವೀಫೆಯ್ ಮೊದಲಾದವು ಇದರಲ್ಲಿವೆ. ೧೯೬೦ರಲ್ಲಿ ಕುನ್‌ಚು ಪ್ರಕಾರದ ಉದ್ಯಾನವಿಹಾರದ ನಾಟಕವನ್ನು ಯು ಝೆನ್‌ಫೆಯ್ ಅವರೊಂದಿಗೆ ಚಿತ್ರೀಕರಿಸಲಾಯಿತು. ಆಗ ಅವರು ಹದಿಹರೆಯದ ಹುಡುಗಿಯ ಪಾತ್ರ ವಹಿಸಿದ ಅರವತ್ತೈದರ ಹಿರಿಯರು. ರಂಗದ ದೂರದಿಂದ ನೋಡುವ ಪ್ರೇಕ್ಷಕನಿಗೆ ಕಾಣದ ಸುಕ್ಕುಗಳು ಸಮೀಪಚಿತ್ರದಲ್ಲಿ ಕಾಣುತ್ತವೆ. ಖಾಲಿ ರಂಗದ ಮೇಲೆ ಕಲ್ಪನೆಯ ಬಾಗಿಲನ್ನು ತೆರೆಯುವ ಕೈಗೆ ನಿಜವಾದ ಗಿಡಮರಗಳ ಹಿನ್ನೆಲೆ ಎಷ್ಟು ಹೊಂದುತ್ತದೆ ಎಂಬ ಪ್ರಶ್ನೆಯೂ ಈ ಚಿತ್ರಗಳನ್ನು ಬಿಟ್ಟಿಲ್ಲ.

ಕೊನೆಯ ವರ್ಷಗಳು

೧೯೪೯ರ ನವೆಂಬರಿನಲ್ಲಿ ತ್ಯಾಂಜಿನ್‌ನಲ್ಲಿ ಪತ್ರಿಕೆಯೊಂದರ ಸಂದರ್ಶನದಲ್ಲಿ ಮೇ ಅವರು ಜಿಂಗ್‌ಜುವಿನ ಸುಧಾರಣೆ ಹೆಜ್ಜೆಹೆಜ್ಜೆಯಾಗಿ ಸಾಗಬೇಕು, ಅದರ ರೂಪವನ್ನು ಕೆಡಿಸಬಾರದು ಎಂಬ ಅಭಿಪ್ರಾಯ ವ್ಯಕ್ತಪಡಿಸಿದರು. ಕ್ರಾಂತಿಯ ಹುಮ್ಮಸ್ಸಿನ ಆ ದಿನಗಳಲ್ಲಿ ಇದು ಸುಧಾರಣಾವಿರೋಧಿ ನಿಲುವೆಂದು ಟೀಕೆಗೆ ಗುರಿಯಾಯಿತು. ಸಭೆಯೊಂದರಲ್ಲಿ ಅವರು ಮಾತನ್ನು ಹಿಂದೆಗೆದುಕೊಳ್ಳಬೇಕಾಯಿತು. ರೂಪವನ್ನು ಉಳಿಸಿಕೊಂಡೇ ಮುನ್ನಡೆಯುವುದು ಅವರ ಜೀವಮಾನದ ಅಭ್ಯಾಸವಾಗಿತ್ತು ಎಂಬುದನ್ನು ಗಮನಿಸಿದರೆ ಈ ಪ್ರಸಂಗದ ತೂಕ ತಿಳಿಯುತ್ತದೆ.

ಮುಂದೆ ಸರ್ಕಾರ ಅವರನ್ನು ಗೌರವದಿಂದಲೇ ನಡೆಸಿಕೊಂಡಿತು. ೧೯೫೧ರಲ್ಲಿ ಚೀನೀ ರಂಗಕಲಾ ಸಂಶೋಧನ ಸಂಸ್ಥೆಯ, ೧೯೫೫ರಲ್ಲಿ ಚೀನಾ ಜಿಂಗ್‌ಜು ರಂಗಸಂಸ್ಥೆಯ ಮುಖ್ಯಸ್ಥರಾದರು. ಶು ಜಿಚ್ವಾನ್ ಅವರು ಬರೆದುಕೊಂಡ ಆತ್ಮಕಥನ ರಂಗಜೀವನದ ನಲವತ್ತು ವರ್ಷಗಳು ೧೯೫೦ರಿಂದ ಶಾಂಘೈನ ವೆನ್‌ಹುಯ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಸೇನಾಪತಿಯಾದ ಮು ಗ್ವೀಯಿಂಗ್ (೧೯೫೯) ಅವರ ಕೊನೆಯ ಹೊಸ ನಾಟಕ. ೧೯೬೧ರ ಆಗಸ್ಟ್ ೮ರಂದು ಬೀಜಿಂಗ್‌ನಲ್ಲಿ ಹೃದ್ರೋಗದಿಂದ ನಿಧನರಾದರು.

ಮೇ ಅವರು ೧೯೧೦ರಲ್ಲಿ ವಾಂಗ್ ಮಿಂಗ್‌ಹ್ವಾ ಅವರನ್ನೂ ೧೯೨೧ರಲ್ಲಿ ಫು ಝಿಫಾಂಗ್ ಅವರನ್ನೂ ವಿವಾಹವಾದರು. ಪುರುಷಪಾತ್ರಗಳ ಪ್ರಸಿದ್ಧ ನಟಿ ಮೆಂಗ್ ಶಿಯಾವ್‌ದೋಂಗ್ ಅವರೊಂದಿಗಿನ ದಾಂಪತ್ಯ ಕೆಲವೇ ವರ್ಷ ಬಾಳಿತು. ಮಕ್ಕಳಲ್ಲಿ ಮೇ ಬಾವ್‌ಜಿಯು (೧೯೩೪–೨೦೧೬) ತಂದೆಯ ದಾನ್ ಶೈಲಿಯನ್ನು ಮುಂದುವರಿಸಿದರು. ಮಗಳು ಮೇ ಬಾವ್‌ಯುಯೆ ವಹಿಸುತ್ತಿದ್ದದ್ದು ಪುರುಷಪಾತ್ರಗಳನ್ನು.

ಗಣಕದೃಷ್ಟಿ ಮತ್ತು ಮೇ ಪರಂಪರೆ

ಮೇ ಶೈಲಿಯನ್ನು ಶಿಷ್ಯರು ಗುರುಮುಖೇನ ಕಲಿಯುವ ಕ್ರಮ ಇಂದಿಗೂ ಮುಂದುವರಿದಿದೆ. ಇದರ ಜೊತೆಗೆ, ಉಳ್ಳ ದೃಶ್ಯದಾಖಲೆಗಳನ್ನು ಗಣಕಯಂತ್ರದಿಂದ ವಿಶ್ಲೇಷಿಸುವ ಪ್ರಯತ್ನಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಆರಂಭವಾಗಿವೆ. ಮುಖವರ್ಣಿಕೆಗಳ ಚಿತ್ರಗಳಿಂದ ಪಾತ್ರವನ್ನು ಗುರುತಿಸುವುದು, ಹಳೆಯ ಫಿಲ್ಮಿನ ಗೀರು ಮತ್ತು ಕಲೆಗಳನ್ನು ಅಳಿಸುವುದು, ವೀಡಿಯೊದಲ್ಲಿ ನಟನ ಕೀಲುಗಳ ಸ್ಥಾನವನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸಿ ಭಂಗಿಯನ್ನು ದಾಖಲಿಸುವುದು ಇವುಗಳಲ್ಲಿ ಮುಖ್ಯವಾದವು.

ದಾನ್ ಪಾತ್ರಗಳಲ್ಲಿ ಈ ಕೆಲಸ ವಿಶೇಷವಾಗಿ ಕಠಿಣ. ಕೀಲುಗಳನ್ನು ಗುರುತಿಸುವ ತಂತ್ರಾಂಶಗಳು ಸಾಮಾನ್ಯ ಉಡುಪಿನ ಜನರ ಚಿತ್ರಗಳಿಂದ ಕಲಿತಿರುತ್ತವೆ. ಸಡಿಲವಾದ ನಿಲುವಂಗಿಯೊಳಗೆ ಮೊಣಕಾಲು ಎಲ್ಲಿದೆ, ನೀರುತೋಳಿನೊಳಗೆ ಮಣಿಕಟ್ಟು ಎಲ್ಲಿದೆ ಎಂಬುದು ಅವಕ್ಕೆ ತಿಳಿಯುವುದಿಲ್ಲ. ಕೀಲುಗಳು ದೊರೆತರೂ ಸಾಲದು. ಗಾಳಿಯಲ್ಲಿ ಸುಳಿಯುವ ರೇಷ್ಮೆಯ ಗೆರೆಯೇ ಅಲ್ಲಿ ಅಭಿನಯ. ಬೆರಳುಗಳ ಸೂಕ್ಷ್ಮ ಬಾಗು ಹಳೆಯ ಫಿಲ್ಮಿನಲ್ಲಿ ಕೆಲವೇ ಬಿಂದುಗಳಾಗಿ ಉಳಿದಿರುತ್ತದೆ. ಕಪ್ಪುಬಿಳುಪಿನ ತುಣುಕುಗಳಿಗೆ ಬಣ್ಣ ತುಂಬಲು ಯಂತ್ರದ ಊಹೆ ಸಾಲದೆ ಉಳಿದುಬಂದ ಉಡುಪುಗಳನ್ನೂ ೧೯೩೦ರ ಪ್ರವಾಸದ ಚಿತ್ರಫಲಕಗಳಂತಹ ದಾಖಲೆಗಳನ್ನೂ ಆಶ್ರಯಿಸಬೇಕಾಗುತ್ತದೆ.

ಬೀಜಿಂಗ್‌ನ ಸೆಂಟ್ರಲ್ ಅಕಾಡೆಮಿ ಆಫ್ ಡ್ರಾಮಾ ಮತ್ತು ಬೀಜಿಂಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಜೊತೆಗೂಡಿ ಮೇ ಅವರ ಡಿಜಿಟಲ್ ಪ್ರತಿರೂಪವೊಂದನ್ನು ನಿರ್ಮಿಸಿ ೨೦೨೧ರಲ್ಲಿ ಪ್ರದರ್ಶಿಸಿದವು. ಮುಖಲಕ್ಷಣಗಳಿಗೆ ಹಳೆಯ ಚಿತ್ರಗಳೇ ಆಧಾರ. ಚಿತ್ರಗಳಲ್ಲಿ ದಾಖಲಾಗದ ಕೋನಗಳನ್ನೂ ಚಲನೆಗಳನ್ನೂ ಇಂತಹ ಪುನರ್ನಿರ್ಮಾಣಗಳಲ್ಲಿ ಊಹೆಯಿಂದ ಇಲ್ಲವೇ ಇಂದಿನ ಕಲಾವಿದರ ಚಲನೆಯಿಂದ ತುಂಬಬೇಕಾಗುತ್ತದೆ. ಹೀಗಾಗಿ ಇವನ್ನು ಮೂಲ ದಾಖಲೆಗಳಿಗೆ ಸಮನೆಂದು ಎಣಿಸಲಾಗದು.

ಸ್ಮರಣೆ

ಮೇ ಅವರು ಕೊನೆಯ ಹತ್ತು ವರ್ಷ ವಾಸವಾಗಿದ್ದ ಬೀಜಿಂಗ್‌ನ ಹುಗುವೊಸಿ ಬೀದಿಯ ಅಂಗಳಮನೆ ೧೯೮೬ರಿಂದ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ. ಛಾಯಾಚಿತ್ರ, ಉಡುಪು, ವರ್ಣಚಿತ್ರ ಮತ್ತು ಹಸ್ತಪ್ರತಿಗಳನ್ನು ಅಲ್ಲಿ ಕಾಪಿಡಲಾಗಿದೆ. ಚೆನ್ ಕಾಯ್‌ಗೆ ಅವರು ಮೇ ಅವರ ಜೀವನವನ್ನು ಆಧರಿಸಿ ೨೦೦೮ರಲ್ಲಿ ಚಲನಚಿತ್ರ ನಿರ್ದೇಶಿಸಿದರು. ಲಿಯಾನ್ ಲಾಯ್ ಮುಖ್ಯಪಾತ್ರದಲ್ಲಿದ್ದಾರೆ. ಯುನೆಸ್ಕೊ ೨೦೦೧ರಲ್ಲಿ ಕುನ್‌ಚು ಪ್ರಕಾರವನ್ನು ಗುರುತಿಸಿತು. ೨೦೧೦ರಲ್ಲಿ ಜಿಂಗ್‌ಜುವನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.